ತುಕ್ಕು ಹಿಡಿದ ಸ್ಟೀಲು, ಕಲ್ಯಾಣಿಯ ಕೈಗುಣ

ಹೋದ ತಿಂಗಳು ನಾದಿನಿಯ ಕಣ್ಣಿನ ಆಪರೇಶನ್ನಿಗೆಂದು ಉಡುಪಿಗೆ ಹೋದವಳು ಆಸ್ಪತ್ರೆಯ ಹಿಂಭಾಗದಲ್ಲಿ ದಾರಿ ತಪ್ಪಿದೆ. ಈಗಿನ ಆಸ್ಪತ್ರೆಗಳೋ, ಒಳಗೆ ಹೋಗುವ ಬಾಗಿಲು ಹತ್ತಾರು, ಹೊರಗೆ ಬರುವುದು ಮಾತ್ರ ನಮ್ಮ ಪುಣ್ಯ. ಹಾಗೆ ಗೊಣಗುತ್ತಾ ಸುತ್ತುವಾಗ ಒಂದು ಕಿಟಕಿಯಿಂದ ಬಿಸಿ ಆವಿ ಮುಖಕ್ಕೆ ಬಡಿಯಿತು. ಆವಿಯಲ್ಲಿ ಬೆಂದ ಹತ್ತಿ ಬಟ್ಟೆಯ ವಾಸನೆ. ನರ್ಸ್ ಆಗಿ ಅರ್ಧ ಆಯುಷ್ಯ ಆ ವಾಸನೆಯಲ್ಲೇ ಕಳೆದವಳು ನಾನು, ಕಾಲು ಅಲ್ಲೇ ನಿಂತಿತು. ಒಳಗಿದ್ದ ಹುಡುಗಿ, "ಆಂಟಿ, ಇಲ್ಲಿಗೆ ಬರ್ಲಿಕ್ಕಿಲ್ಲ" ಎಂದಳು. "ಬರುದಿಲ್ಲ ಮಾರಾಯ್ತಿ, ವಾಸನೆ ನೋಡ್ತಾ ಇದ್ದೇನೆ" ಎಂದೆ. ಅವಳು ಕಿಟಕಿ ಹಾಕಿಕೊಂಡಳು.

ಆ ವಾಸನೆ ನನ್ನ ಮುಂದೆ ತಂದಿಟ್ಟದ್ದು ಇಡೀ ನೌಕರಿಯನ್ನಲ್ಲ, ಒಂದೇ ಒಂದು ಮಳೆಗಾಲವನ್ನು. ಎಂಬತ್ತರ ದಶಕದ ಆರಂಭ ಅದು. ಕಾಪುವಿನಲ್ಲಿ ಆಗ ಹೆರಿಗೆಯದ್ದೇ ಒಂದು ಸಣ್ಣ ಆಸ್ಪತ್ರೆ ಇತ್ತು. ಕಡಲಿಗೆ ಎಷ್ಟು ಹತ್ತಿರವೆಂದರೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಜಡಿಮಳೆಯಲ್ಲಿ, ವಾರ್ಡಿನಲ್ಲಿ ಮಾತಾಡಬೇಕಾದರೆ ಗಂಟಲು ಏರಿಸಬೇಕು. ನನಗೆ ಅದೇನೂ ಕಷ್ಟವಾಗಲಿಲ್ಲ, ನನ್ನ ಬಾಯಿ ಹುಟ್ಟಿನಿಂದಲೇ ದೊಡ್ಡದು. "ಹಿಲ್ಡಾ ಸಿಸ್ಟರ್ ಒಮ್ಮೆ ಜೋರು ಮಾಡಿದರೆ ಮಗು ಹೆದರಿ ತಾನಾಗಿ ಹೊರಗೆ ಬರ್ತದೆ" ಎಂದು ನಮ್ಮ ಡಾಕ್ಟರಮ್ಮನೇ ತಮಾಷೆ ಮಾಡುತ್ತಿದ್ದರು. ಅವರು ಮಾತು ಕಡಿಮೆಯ ಹೆಂಗಸು. ಗೊತ್ತಿದ್ದದ್ದನ್ನು ಗೊತ್ತುಂಟು ಎನ್ನುವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವರು. ಇಷ್ಟು ನೆಟ್ಟಗಿನ ಮನುಷ್ಯರಿಂದಲೂ ಒಬ್ಬರ ಬಾಳು ಕೆಡಬಹುದೆಂದು ಆಗ ನನಗೆ ಗೊತ್ತಿರಲಿಲ್ಲ.

ಆಪರೇಶನ್ ತಿಯೇಟರಿನ ಉಸ್ತುವಾರಿ ನನ್ನದು. ನನ್ನ ಕೈಕೆಳಗೆ ಆಯಾ ಆಗಿ ಇದ್ದವಳು ಕಲ್ಯಾಣಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಆದರೂ ನಾನು ಹೆಸರು ಹಿಡಿದೇ ಕರೆಯುತ್ತಿದ್ದೆ, ಅವಳು ನನ್ನನ್ನು ಬಾಯಮ್ಮ ಎನ್ನುತ್ತಿದ್ದಳು. ಕ್ರಿಶ್ಚನ್ ಹೆಂಗಸರನ್ನು ನಮ್ಮ ಕಡೆಯ ತುಳುವರು ಹಾಗೆ ಕರೆಯುವುದು ರೂಢಿ. ಗಂಡ ಬೊಂಬಾಯಿಯ ಹೋಟೆಲಿಗೆ ಹೋದವನು ಅಲ್ಲಿಯೇ ತೀರಿಹೋಗಿದ್ದ. ಒಬ್ಬಳು ಮಗಳು ಶಕುಂತಲಾ, ಎಲ್ಲೂರಿಗೆ ಮದುವೆ ಮಾಡಿ ಕೊಟ್ಟಿದ್ದಳು.

ಆದರೆ ಕಲ್ಯಾಣಿ ಎಂದರೆ ಊರವರಿಗೆ ಆಸ್ಪತ್ರೆಯ ಆಯಾ ಅಲ್ಲ. ಅವಳು ಮಕ್ಕಳನ್ನು ಮೀಯಿಸುವವಳು. ಡ್ಯೂಟಿ ಮುಗಿದದ್ದೇ ಸೆರಗು ಸಿಕ್ಕಿಸಿ ಹೊರಟಳೆಂದರೆ, ಕಾಪುವಿನಿಂದ ಕಟಪಾಡಿಯವರೆಗೆ ಯಾವ ಮನೆಯಲ್ಲಿ ಬಾಣಂತಿ ಇದ್ದರೂ ಅವಳಿಗಾಗಿ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಬಚ್ಚಲಿನಲ್ಲಿ ಮಣೆ ಹಾಕಿ ಎರಡೂ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಮೂಗು ನೀವಿ, ತಲೆ ಉರುಟು ಮಾಡಿ, ಹೊಗೆ ಹಾಕಿ ತೊಟ್ಟಿಲಿಗೆ ಹಾಕಿದರೆ ಮಗು ಮತ್ತೆ ಎಚ್ಚರವಾಗುವುದು ಹಸಿವಾದಾಗಲೇ. "ಕಲ್ಯಾಣಿಯ ಕೈಗುಣ ಒಳ್ಳೆಯದುಂಟು" ಎನ್ನುತ್ತಿದ್ದರು. ಬಂಟರ ಮನೆ, ಭಟ್ಟರ ಮನೆ, ನಮ್ಮ ಕ್ರಿಶ್ಚನ್ ಪೊರ್ಬುಗಳ ಮನೆ, ಬ್ಯಾರಿಗಳ ಮನೆ, ಎಲ್ಲ ಕಡೆಯೂ ಇದೊಂದೇ ಮಾತು. ಬೇರೆ ದಿನ ಜಗಲಿಯಲ್ಲಿ ಕೂರಿಸುವ ಮನೆಯವರೂ ಬಾಣಂತನದಲ್ಲಿ ಅವಳನ್ನು ಒಳಗೆ ಕರೆದು, ಎಲೆ ಹಾಕಿ ಬಡಿಸುತ್ತಿದ್ದರು. ಆ ಮರ್ಯಾದೆಯೆಲ್ಲ ಅವಳ ಕೈಗೆ ಸಂದದ್ದು.

ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ತಿಯೇಟರಿಗೆ ಹೊಸ ಸ್ಟೆರಿಲೈಸರ್ ಬಂತು. ಅದಕ್ಕೆ ಮೊದಲು ಇದ್ದದ್ದು ತಾಮ್ರದ ಹಳೆಯ ಪೆಟ್ಟಿಗೆ, ಸೀಮೆಎಣ್ಣೆ ಒಲೆಯ ಮೇಲೆ ಗೊರಗೊರ ಎನ್ನುವಂಥದ್ದು. ಹೊಸತು ಪೂರಾ ಸ್ಟೀಲು. ಉರುಟು ಬಾಗಿಲು, ಒಳಗೆ ಕನ್ನಡಿಯ ಹಾಗೆ ಹೊಳೆಯುವ ಗೋಡೆ. ಬಾಗಿಲು ತೆರೆದರೆ ನಮ್ಮದೇ ಮುಖ ಸೊಟ್ಟಗೆ ಕಾಣುತ್ತಿತ್ತು. ಅದರ ಒತ್ತಡದ ಆವಿಯಲ್ಲಿ ಆಪರೇಶನ್ನಿನ ಬಟ್ಟೆ, ಕತ್ತರಿ, ಟ್ರೇ ಎಲ್ಲ ಬೇಯಿಸಿ ರೋಗಾಣು ಕೊಲ್ಲುವುದು ಅದರ ಕೆಲಸ. ಕಲ್ಯಾಣಿ ಅದಕ್ಕೆ ಒಂದು ಮಲ್ಲಿಗೆ ಚೆಂಡು ಮುಡಿಸಿದಳು. ಡಾಕ್ಟರಮ್ಮ ಬರುವ ಮೊದಲು ನಾನೇ ತೆಗೆಸಿದೆ.

ಮುಂಗಾರು ಹಿಡಿದು ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ, ಬಟ್ಟೆ ತುಂಬಿಸಿ ಮಷೀನಿನೊಳಗೆ ಇಡುವ ಡ್ರಮ್ಮಿನಿಂದ ಹೊರಗೆ ತೆಗೆದ ಬಿಳಿ ಬಟ್ಟೆಯಲ್ಲಿ ಕಂದು ಚುಕ್ಕೆ ಕಂಡಿತು. ರಕ್ತ ಸರಿ ಹೋಗಲಿಲ್ಲ ಎಂದುಕೊಂಡು ಕಲ್ಯಾಣಿಗೆ ಸರಿಯಾಗಿ ಬೈದೆ. ಅವಳು ಬಟ್ಟೆ ಬೆಳಕಿಗೆ ಹಿಡಿದು, "ಇದು ರಕ್ತ ಅಲ್ಲ ಬಾಯಮ್ಮ, ಕತ್ತಿ ಇಟ್ಟ ಜಾಗದಲ್ಲಿ ಗೋಡೆಗೆ ಹಿಡಿಯುತ್ತದಲ್ಲ, ಆ ಬಣ್ಣ" ಎಂದಳು. ಮಷೀನಿನ ಒಳಗೆ ಟಾರ್ಚ್ ಹಾಕಿ ನೋಡಿದರೆ ಗೋಡೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ತುಕ್ಕು. ನನಗೆ ನಂಬಿಕೆಯೇ ಆಗಲಿಲ್ಲ. ತುಕ್ಕು ಹಿಡಿಯದಿರಲಿ ಎಂದೇ ಅಲ್ವಾ ಸ್ಟೀಲು ತರುವುದು?

ಮನೆಯಲ್ಲಿ ಪಾತ್ರೆಗೆ ಕಲೆ ಹಿಡಿದರೆ ಎಂತ ಮಾಡುವುದು, ಅದನ್ನೇ ಮಾಡಿದೆವು. ಕಬ್ಬಿಣದ ನಾರು ತಂದು ಇಬ್ಬರೂ ಸೇರಿ ಗಸಗಸ ತಿಕ್ಕಿದೆವು. ಸಂಜೆಗೆ ಒಳಗೆಲ್ಲ ಬೆಳ್ಳಿಯ ಹಾಗೆ ಕಂಡಿತು, ಕಲ್ಯಾಣಿ ಸೊಂಟ ಹಿಡಿದುಕೊಂಡು ನಕ್ಕಳು. ವಾರದೊಳಗೆ ಚುಕ್ಕೆಗಳಿದ್ದ ಜಾಗದಲ್ಲಿ ಹಾಳೆ ಹಾಳೆ ತುಕ್ಕು.

ಆ ಹೊತ್ತಿಗೆ ಸರಿಯಾಗಿ ಬೆಳ್ಮಣ್ಣಿನಿಂದ ಸುಮತಿ ಬಂದಳು. ಚೊಚ್ಚಲ ಹೆರಿಗೆ, ಮಗು ಅಡ್ಡ ಬಿದ್ದಿತ್ತು, ಕೊಯ್ದೇ ತೆಗೆಯಬೇಕಾಯಿತು. ಗಂಡು ಮಗು, ಗಟ್ಟಿಮುಟ್ಟು. ಮೊದಲ ನೀರು ಕಲ್ಯಾಣಿಯೇ ಹಾಕಿದಳು. ಎಲ್ಲ ಸರಿಯಾಯಿತು ಎನ್ನುವಾಗ ಸುಮತಿಗೆ ಜ್ವರ ಏರಿತು. ಬ್ಯಾಂಡೇಜು ಬಿಚ್ಚಿದರೆ ಹೊಲಿಗೆಯ ಎಡೆಯಿಂದ ಕೀವು. ಡಾಕ್ಟರಮ್ಮ ತಡ ಮಾಡಲಿಲ್ಲ, ಸುರಿಯುವ ಮಳೆಯಲ್ಲೇ ಕಾರು ಮಾಡಿಸಿ ಅವಳನ್ನು ಮಣಿಪಾಲಕ್ಕೆ ಕಳುಹಿಸಿದರು. ಹೊರಡುವಾಗ ಸುಮತಿಯ ಅತ್ತೆಯ ಕಣ್ಣಿಗೆ ನಾನು ಜಗಲಿಯ ಹಗ್ಗದಲ್ಲಿ ಒಣಗಲು ಹಾಕಿದ ಬಟ್ಟೆಯ ಕಂದು ಕಲೆ ಬಿತ್ತು. "ತುಕ್ಕು ಕತ್ತರಿಯಲ್ಲಿ ನಮ್ಮ ಹುಡುಗಿಯ ಹೊಟ್ಟೆ ಕೊಯ್ದಿರಾ?" ಎಂದು ಜಗಲಿಯಲ್ಲೇ ನಿಂತು ಕೇಳಿದರು. ನಾನು ಬಟ್ಟೆ ಎಳೆದುಕೊಂಡು ಒಳಗೆ ಹೋದೆ.

ತಿಯೇಟರಿಗೆ ಬೀಗ ಬಿತ್ತು. ಮಷೀನು ಸರಿಯಾಗುವವರೆಗೆ ಕೊಯ್ಯುವ ಕೇಸೆಲ್ಲ ಉಡುಪಿಗೆ ಎಂದು ಡಾಕ್ಟರಮ್ಮ ಹೇಳಿದರು. ಮಣಿಪಾಲದಲ್ಲಿ ಇಂಥ ಮಷೀನು ನೋಡಿಕೊಳ್ಳುವ ರಘುರಾಮನೆಂಬವನಿಗೆ ಹೇಳಿಕಳುಹಿಸಿದ್ದಾಯಿತು. ಕಾರ್ಕಳದವನು, ಡಿಪ್ಲೊಮಾ ಓದಿದ ಎಳೆ ಪ್ರಾಯದವ. ಅಗಲ ಪ್ಯಾಂಟು, ಜೇಬಿನಲ್ಲಿ ಬಾಚಣಿಗೆ. ಬಂದವನು ಮಷೀನು ನೋಡುವ ಮೊದಲು ತನ್ನ ಪ್ರತಾಪ ಹೇಳಲಿಕ್ಕೆ ಶುರು ಮಾಡಿದ. "ನೀವು ಬೊಂಬಾಯಿಯಿಂದ ಜನ ಕರೆಸಿದರೂ ಇದನ್ನೇ ಹೇಳ್ತಾರೆ ಸಿಸ್ಟರ್" ಎನ್ನುವನು, ಇನ್ನೂ ಎಂತ ಹೇಳಿಯೇ ಇರುತ್ತಿರಲಿಲ್ಲ. ನನಗೆ ಉರಿದುಹೋಯಿತು. "ಮಾತಾಡಿ ತುಕ್ಕು ಹೋಗುದಾದರೆ ನಾನೇ ತೆಗೀತಿದ್ದೆ ಮಾರಾಯ" ಎಂದೆ.

ಅವನು ತಲೆಯನ್ನು ಮಷೀನಿನ ಒಳಗೆ ಹಾಕಿ ನೋಡಿ ಹೊರಗೆ ಬಂದಾಗ ಮುಖದಲ್ಲಿ ತಮಾಷೆ ಇರಲಿಲ್ಲ.

"ಕಬ್ಬಿಣದ ನಾರಿನಲ್ಲಿ ತಿಕ್ಕಿದ್ದು ಯಾರು?"

"ನಾನು" ಎಂದೆ.

"ನಾರಿನ ಚೂರು ಸ್ಟೀಲಿಗೆ ಹುಗಿದು ಕೂತಿದೆ. ಈಗ ತುಕ್ಕು ಹಿಡಿಯುತ್ತಿರುವುದು ಅದು. ಆದರೆ ಅದಕ್ಕೂ ಮೊದಲು ಎಂತದೋ ಕೊರೆದಿದೆ. ಈ ಸ್ಟೀಲಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಉಂಟು ಸಿಸ್ಟರ್, ಅದು ಇರುವವರೆಗೆ ತುಕ್ಕು ಹತ್ತಿರ ಬರುವುದಿಲ್ಲ. ಪೊರೆ ಹೋದಲ್ಲಿ ಇದೂ ಬರೀ ಕಬ್ಬಿಣವೇ. ಪೊರೆ ಕೊರೆಯುವುದು ಉಪ್ಪು. ಇದರೊಳಗೆ ಉಪ್ಪು ಹೇಗೆ ಹೋಯಿತು?"

ನಾವೆಲ್ಲ ಕಡಲಿನ ಕಡೆ ನೋಡಿದೆವು, ಗಾಳಿಯಲ್ಲಿ ಬಂದಿರಬೇಕು ಎನ್ನುವ ಹಾಗೆ. ಆಗ ಬಾಗಿಲ ಹತ್ತಿರ ನಿಂತಿದ್ದ ಕಲ್ಯಾಣಿ, "ರಕ್ತದ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸುದು ನಾನು" ಎಂದಳು. "ಕತ್ತರಿ, ಟ್ರೇ ಕೂಡ. ರಕ್ತ ಒಣಗಿದರೆ ಹೋಗುದಿಲ್ಲ ಅಲ್ವಾ?"

ಯಾವ ಮನೆಯ ಹೆಂಗಸಿಗೆ ಇದು ಗೊತ್ತಿಲ್ಲ, ಹೇಳಿ. ತಿಂಗಳು ತಿಂಗಳು ಮಾಡುವ ಕೆಲಸ. ತಣ್ಣೀರಿಗೆ ಒಂದು ಮುಷ್ಟಿ ಕಲ್ಲುಪ್ಪು ಹಾಕಿ ನೆನೆಸಿದರೆ ರಕ್ತದ ಕಲೆ ಬಿಟ್ಟುಕೊಳ್ಳುತ್ತದೆ. ನನ್ನ ತಾಯಿ ಕಲಿಸಿದ್ದೂ ಅದನ್ನೇ, ಡಾಕ್ಟರಮ್ಮನ ತಾಯಿ ಕಲಿಸಿದ್ದೂ ಅದನ್ನೇ ಇರಬೇಕು. ತಾಮ್ರದ ಹಳೆ ಪೆಟ್ಟಿಗೆಯ ಕಾಲದಿಂದಲೂ ಕಲ್ಯಾಣಿ ಹಾಗೆಯೇ ಮಾಡುತ್ತಿದ್ದಳು, ಯಾರೂ ಬೇಡ ಎನ್ನಲಿಲ್ಲ. ಮಳೆಗಾಲದಲ್ಲಿ ನೆನೆಯುತ್ತಾ ಬಾವಿಯಿಂದ ಸೇದಿ ಸೇದಿ ಸಾಕಾಗಿ ಒಂದು ಸಲ ಜಾಲಿಸುವಲ್ಲಿ ಮುಗಿಸುತ್ತಿದ್ದಳು. ಬಟ್ಟೆಯ ಎಳೆಯಲ್ಲಿ ಉಳಿದ ಉಪ್ಪು ಆವಿಯ ಜೊತೆ ಸ್ಟೀಲಿಗೆ ಹತ್ತಿತು. ಕತೆ ಅಷ್ಟೆ.

ಕತೆ ಅಷ್ಟೆ ಎಂದು ನಾನು ಹೇಳಬಹುದು. ಊರು ಹೇಳುವುದಿಲ್ಲ. ವಾರ್ಡಿನ ಇನ್ನೊಬ್ಬ ಆಯಾ ಅದೇ ಸಂಜೆ, "ಉಪ್ಪು ತಿಂದವಳು ನೀರು ಕುಡಿಯಲೇಬೇಕು" ಎಂದು ನಗುತ್ತಾ ಹೇಳಿದ್ದು ಮರುದಿನಕ್ಕೆ ಕಟಪಾಡಿ ಪೇಟೆ ಮುಟ್ಟಿತು. ಅಲ್ಲಿಂದ ಮುಂದೆ ಮಾತಿಗೆ ರೆಕ್ಕೆ ಬಂತು. ಮಷೀನು ಕೆಟ್ಟದ್ದು ಕಲ್ಯಾಣಿಯ ಕೈಯಿಂದ. ಸುಮತಿಯ ಗಾಯ ಕೊಳೆತದ್ದು ಕಲ್ಯಾಣಿಯ ಕೈಯಿಂದ. ಆ ಮಗುವಿಗೂ ಇನ್ನೇನು ಕಾದಿದೆಯೋ. ಬಸ್ಸಿನಲ್ಲಿ ನನ್ನ ಎದುರಿನ ಸೀಟಿನ ಇಬ್ಬರು ಹೆಂಗಸರು, "ಅವಳ ಕೈಗುಣ ಕೆಟ್ಟಿದೆಯಂತೆ" ಎಂದು ಮಾತಾಡುವುದು ಕೇಳಿ ನಾನು ಎದ್ದು ನಿಂತು ಜಗಳ ತೆಗೆದೆ. ಜಗಳದ ಬಿಸಿಯಲ್ಲಿ ಇಳಿಯುವ ಜಾಗ ತಪ್ಪಿ, ಮಳೆಯಲ್ಲಿ ನಡೆದು ವಾಪಸು ಬಂದೆ. ಊರಿನ ಬಾಯಿ ಮುಚ್ಚಲಿಕ್ಕೆ ಉಂಟೇ.

ಮೊದಲು ಒಂದು ಮನೆಯವರು, "ನಾಳೆಯಿಂದ ಬರುದು ಬೇಡ ಕಲ್ಯಾಣಿ, ನಮ್ಮ ಅತ್ತೆ ಬಂದಿದ್ದಾರೆ, ಅವರೇ ಮೀಯಿಸ್ತಾರೆ" ಎಂದರು. ಮತ್ತೊಂದು ಮನೆಯಲ್ಲಿ ಮಗುವಿಗೆ ಶೀತವಂತೆ. ಇನ್ನೊಂದು ಮನೆಯಲ್ಲಿ ನಾಯಿ ಬೊಗಳಿತು, ಒಳಗೆ ದೀಪ ಇತ್ತು, ಬಾಗಿಲು ತೆಗೆಯಲಿಲ್ಲ. ಸಂಜೆ ಡ್ಯೂಟಿ ಮುಗಿದ ಮೇಲೆ ಎಲ್ಲಿಗೂ ಹೋಗಲಿಕ್ಕಿಲ್ಲದೆ ಕಲ್ಯಾಣಿ ಆಸ್ಪತ್ರೆಯ ಹಿಂದಿನ ಮೆಟ್ಟಿಲಲ್ಲಿ ಕೂತಿರುವುದನ್ನು ನೋಡಿದೆ. ಸೀದಾ ಡಾಕ್ಟರಮ್ಮನ ಕೋಣೆಗೆ ಹೋದೆ. ಅವಳೂ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಾಗಲಿಲ್ಲ.

"ಡಾಕ್ಟರೇ, ತುಕ್ಕಿನಿಂದ ಸುಮತಿಗೆ ಕೀವು ಆದದ್ದಲ್ಲ ಎಂದು ನೀವು ಒಂದು ಮಾತು ಹೇಳಿ. ನಿಮ್ಮ ಮಾತನ್ನು ಊರು ಕೇಳ್ತದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತುಕ್ಕು ಅಂದರೆ ಕೀವು ಅಲ್ಲ ಹಿಲ್ಡಾ. ಆವಿ ಸರಿ ತಾಗಿದ್ದರೆ ರೋಗಾಣು ಸತ್ತೇ ಸತ್ತಿರ್ತದೆ. ಆದರೆ ಕತ್ತರಿಯನ್ನು ತುಕ್ಕು ತಿಂದು ಬಿದ್ದ ಸಣ್ಣ ಗುಂಡಿಯಲ್ಲಿ ಕೊಳೆ ಉಳಿಯಬಹುದು. ಹೊಲಿಗೆಯ ದಾರದಲ್ಲಿ ಇದ್ದಿರಬಹುದು, ನನ್ನ ಗ್ಲೌಸಿನಲ್ಲಿ ಇದ್ದಿರಬಹುದು, ಅವಳ ಮೈಯಲ್ಲೇ ಇದ್ದಿರಬಹುದು."

"ಅಂದರೆ ಇದರಿಂದ ಅಲ್ಲ, ಅಲ್ವಾ?"

"ಅಲ್ಲ ಎಂದು ಹೇಳಲಿಕ್ಕೆ ಆಗುದಿಲ್ಲ. ಹೌದು ಎಂದೂ ಹೇಳಲಿಕ್ಕೆ ಆಗುದಿಲ್ಲ."

ತಿರುಗಿ ನೋಡಿದರೆ ಕಲ್ಯಾಣಿ. ಅವಳು ಅಳಲಿಲ್ಲ. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಒಂದು ಸುಳ್ಳು ಹೇಳಿದ್ದರೆ ಇವರ ಗಂಟು ಹೋಗುತ್ತಿತ್ತೇ ಎಂದು ನನಗೆ ಡಾಕ್ಟರಮ್ಮನ ಮೇಲೆ ಬಂದ ಸಿಟ್ಟು ಎಷ್ಟೋ ವರ್ಷ ಇಳಿಯಲಿಲ್ಲ. ಅವರು ಸುಳ್ಳು ಹೇಳುವವರಾಗಿದ್ದರೆ ಅವರ ಕೈಯಲ್ಲಿ ನನ್ನ ಸ್ವಂತ ತಂಗಿಯ ಹೆರಿಗೆ ಮಾಡಿಸುತ್ತಿದ್ದೆನೇ ಎಂದೂ ಯೋಚಿಸಿದ್ದೇನೆ.

ರಘುರಾಮ ಕೆಲಸಕ್ಕೆ ಬಂದಾಗ ಆಟಿಯ ನಟ್ಟ ನಡು. ಅವನ ಮೊದಲ ಹುಕುಂ, "ಬಾವಿ ನೀರು ಮುಟ್ಟಬಾರದು. ಕಡಲ ಕರೆಯ ಬಾವಿ, ಚೂರಾದರೂ ಉಪ್ಪು ಇದ್ದೇ ಇರ್ತದೆ. ತೊಳೆಯಲಿಕ್ಕೆ ಮಳೆನೀರೇ ಬೇಕು." ಹಂಚಿನಿಂದ ಇಳಿದ ನೀರೂ ಬೇಡವಂತೆ, ಅದರಲ್ಲಿ ಪಾಚಿ. ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಕಲ್ಯಾಣಿ ಅಂಗಳದಲ್ಲಿ ನಾಲ್ಕು ಗೂಟ ಹುಗಿದು, ಬಿಳಿ ಬಟ್ಟೆಯ ನಾಲ್ಕು ತುದಿ ಕಟ್ಟಿ, ನಡುವೆ ಒಂದು ತೊಳೆದ ಕಲ್ಲಿಟ್ಟು, ಕೆಳಗೆ ಕೊಪ್ಪರಿಗೆ ಇಟ್ಟಿದ್ದಳು. ನಮ್ಮ ಕಡೆ ಮನೆ ಮನೆಯಲ್ಲೂ ಕುಡಿಯಲಿಕ್ಕೆ ಹೀಗೆ ನೀರು ಹಿಡಿಯುವುದುಂಟು. "ಉಪ್ಪು ಹಾಕಿದ ಕೈ ನನ್ನದು ಅಲ್ವಾ, ತೆಗೆಯುವಾಗಲೂ ಇರಲಿ" ಎಂದಳು.

ತಿಯೇಟರಿನ ಕಿಟಕಿಯೆಲ್ಲ ತೆರೆದಿಟ್ಟೆವು. ಮೊದಲು ಮೆತ್ತಗಿನ ಬಟ್ಟೆಯಲ್ಲಿ ಒಂದು ಬಗೆಯ ನುಣುಪು ಪುಡಿ ಹಚ್ಚಿ, ಸ್ಟೀಲಿನ ಗೆರೆ ಯಾವ ಕಡೆ ಹೋಗಿದೆಯೋ ಆ ಕಡೆಗೇ ತಿಕ್ಕಬೇಕು. ಸುತ್ತ ತಿರುಗಿಸಿ ತಿಕ್ಕಬಾರದು, ಒತ್ತಬಾರದು. ಕಲ್ಯಾಣಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ನನಗೆ ನಾಲ್ಕು ಸಲ ಹೇಳಿಸಿಕೊಂಡು ಸಿಟ್ಟು ಬಂತು. ಮತ್ತೆ ತುಕ್ಕು ಕಚ್ಚಿ ತೆಗೆಯುವ ಒಂದು ಆಸಿಡ್ ಸವರಿ, ಮಳೆನೀರಿನಲ್ಲಿ ತೊಳೆದು, ಆಮೇಲೆ ಮುಖ್ಯದ್ದು: ನೈಟ್ರಿಕ್ ಆಸಿಡ್. ಅಕ್ಕಸಾಲಿಗರು ಚಿನ್ನ ಒರೆ ಹಚ್ಚಲಿಕ್ಕೆ ಇಟ್ಟುಕೊಳ್ಳುತ್ತಾರಲ್ಲ, ಅದೇ. ನೀರು ಬೆರೆಸಿ ತೆಳು ಮಾಡಿ ಒಳಗಿನ ಗೋಡೆಗೆಲ್ಲ ಹಚ್ಚಿದ. ಅದು ಸ್ಟೀಲನ್ನು ಮುಟ್ಟುವುದಿಲ್ಲ, ಹುಗಿದು ಕೂತ ಕಬ್ಬಿಣದ ಚೂರನ್ನು ಮಾತ್ರ ತಿಂದು, ಪೊರೆ ಮತ್ತೆ ಬೆಳೆಯುವ ಹಾಗೆ ಮಾಡುತ್ತದಂತೆ. ವಾಸನೆಗೆ ನನ್ನ ಎದೆ ಹಿಡಿದುಕೊಂಡಿತು, ಹೊರಗೆ ಓಡಿ ಹೋಗಿ ಕೆಮ್ಮಿದೆ. ಒಳಗೆ ರಘುರಾಮ ಸಹ ಮಾತು ನಿಲ್ಲಿಸಿದ್ದ. ಮತ್ತೆ ಮಳೆನೀರು, ಮತ್ತೆ ಮಳೆನೀರು. ಕೊಡದ ಮೇಲೆ ಕೊಡ ತಂದು ಕಲ್ಯಾಣಿಯ ಹೆಗಲು ಬಿದ್ದುಹೋಯಿತು. ಕೊನೆಗೆ ಬಾಗಿಲು ತೆರೆದಿಟ್ಟು ಗಾಳಿಗೆ ಬಿಟ್ಟೆವು. ಗಾಳಿಯಲ್ಲೇ ಪೊರೆ ಗಟ್ಟಿಯಾಗುತ್ತದೆ ಎಂದ.

ಮರುದಿನ ಪರೀಕ್ಷೆ. ರಘುರಾಮ ಕಾರ್ಕಳದಿಂದ ಬರುವಾಗ ಬೆಳ್ಮಣ್ಣಿನಲ್ಲಿ ಇಳಿದು ಮೈಲುತುತ್ತು ತಂದಿದ್ದ, ಕೊಳೆರೋಗಕ್ಕೆ ಅಡಿಕೆ ಮರಗಳಿಗೆ ಹೊಡೆಯುವ ನೀಲಿ ಹರಳು. ಅದನ್ನು ಕರಗಿಸಿ, ಚೂರು ಆಸಿಡ್ ಸೇರಿಸಿ, ಒಂದೊಂದೇ ಹನಿ ಗೋಡೆಗೆ ಇಟ್ಟ. ಎಲ್ಲಿ ಪೊರೆ ಸರಿ ಇಲ್ಲವೋ ಅಲ್ಲಿ ತಾಮ್ರದ ಬಣ್ಣ ಏಳುತ್ತದೆ, ಸರಿ ಇದ್ದರೆ ನೀಲಿ ನೀಲಿಯಾಗಿಯೇ ಇರುತ್ತದೆ. ಮೂವರೂ ತಲೆ ತಲೆ ತಾಗಿಸಿ ಕಾದೆವು. ಗೋಡೆಯಲ್ಲಿ ನೀಲಿ. ತಳದಲ್ಲಿ ನೀಲಿ. ಬಾಗಿಲಿನ ಅಂಚಿನಲ್ಲಿ ಮಾತ್ರ ಮೆಲ್ಲ ಮೆಲ್ಲ ಕೆಂಪು ಎದ್ದು ಬಂತು. ಕಲ್ಯಾಣಿ ನನ್ನ ತೋಳು ಹಿಡಿದಳು. "ಎಂತ ಇಲ್ಲ, ಅಷ್ಟು ಜಾಗಕ್ಕೆ ಇನ್ನೊಮ್ಮೆ ಮಾಡುವ" ಎಂದ ರಘುರಾಮ. ಇನ್ನೊಮ್ಮೆ ಮಾಡಿದ. ಈ ಸಲ ಅಂಚಿನಲ್ಲೂ ನೀಲಿಯೇ ಉಳಿಯಿತು. ಹನಿಗಳನ್ನೆಲ್ಲ ತೊಳೆದು ತೆಗೆದು, "ಇನ್ನು ಉಪ್ಪು ಮುಟ್ಟಿಸಬೇಡಿ, ನಿಮ್ಮ ಮೊಮ್ಮಕ್ಕಳ ಕಾಲದವರೆಗೆ ಬರ್ತದೆ" ಎಂದು ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಕೆಟ್ಟುಹೋದ ಕತ್ತರಿಗಳನ್ನು ಡಾಕ್ಟರಮ್ಮ ಎಸೆಯಿಸಿ ಹೊಸತು ತರಿಸಿದರು. ತಿಯೇಟರಿನ ಬೀಗ ತೆರೆಯಿತು.

ಬೀಗ ತೆಗೆದರೆ ಆಯಿತೇ, ಜನ ಬರಬೇಕಲ್ಲ. ಸುಮತಿ ಮಣಿಪಾಲದಲ್ಲಿ ಗುಣವಾಗಿ, ಬಡಕಲಾಗಿ, ಮಗುವಿನ ಜೊತೆ ಮನೆಗೆ ಹೋದ ಸುದ್ದಿ ಬಂತು. ಆ ಸುದ್ದಿಗೆ ಯಾರೂ ರೆಕ್ಕೆ ಕಟ್ಟಲಿಲ್ಲ. ಕೊಯ್ಯಬೇಕಾದೀತು ಎಂದರೆ ಸಾಕು, ಬಸುರಿಯರನ್ನು ಮನೆಯವರು ಉಡುಪಿಯ ಬಸ್ಸು ಹತ್ತಿಸುತ್ತಿದ್ದರು. ಹೀಗಿರುವಾಗ ನವರಾತ್ರಿಯ ಮೊದಲು ಎಲ್ಲೂರಿನಿಂದ ಶಕುಂತಲಾ ಬಂದಳು, ಕಲ್ಯಾಣಿಯ ಮಗಳು. ತಿಂಗಳು ತುಂಬಿತ್ತು, ಮಗುವಿನ ತಲೆ ಮೇಲಿತ್ತು, ಬುಡ ಕೆಳಗಿತ್ತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಕೊಯ್ಯಬೇಕು ಎಂದರು. "ಎಲ್ಲಿ ಮಾಡಿಸುದು ಎಂದು ನೀನೇ ಯೋಚನೆ ಮಾಡು ಕಲ್ಯಾಣಿ. ನನಗೆ ಬೇಸರ ಇಲ್ಲ."

ಊರು ಊರೇ ಕಾಯುತ್ತಿತ್ತು ಎಂದರೆ ಸುಳ್ಳಲ್ಲ. ಅವಳೇ ಮಗಳನ್ನು ಬೇರೆ ಕಡೆ ಕರೆದುಕೊಂಡು ಹೋದರೆ ಮುಗಿಯಿತು.

"ಆ ಮಷೀನನ್ನು ತೊಳೆದದ್ದು ನಾನು. ಎಲ್ಲ ಕಡೆ ನೀಲಿ ಇತ್ತು, ನನ್ನ ಕಣ್ಣಾರೆ ನೋಡಿದ್ದೇನೆ. ಇಲ್ಲಿಯೇ ಮಾಡಿ" ಎಂದಳು ಕಲ್ಯಾಣಿ.

ಆ ಬೆಳಿಗ್ಗೆ ಡ್ರಮ್ಮಿನ ಮುಚ್ಚಳ ತೆಗೆದು ಬಗ್ಗಿ ನೋಡಿದೆ. ಬಟ್ಟೆ ಬೆಳ್ಳಗೆ ಬೆಳ್ಳಗೆ. ಗಂಡು ಮಗು ಹುಟ್ಟಿತು. ಹೊಲಿಗೆ ಬಿಚ್ಚುವ ದಿನ ಗಾಯ ಒಣಗಿ ಗೆರೆಯ ಹಾಗೆ ಕೂತಿತ್ತು. ನಾನು ಸಂತೋಷದಲ್ಲಿ ವಾರ್ಡಿನ ತುಂಬ ಬೈದುಕೊಂಡು ತಿರುಗಿದೆ. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ.

ಶಕುಂತಲಾ ತಾಯಿಯ ಮನೆಗೆ ಹೋಗಿ ಕೆಲವು ದಿನವಾದ ಮೇಲೆ ಬಾಣಂತಿಯನ್ನು ನೋಡಿ ಬರುವ ಎಂದು ಹೋದೆ. ಬಚ್ಚಲಿನಿಂದ ಹೊಗೆ ಬರುತ್ತಿತ್ತು, ಮಗು ಅಳುತ್ತಿತ್ತು. ಕಲ್ಯಾಣಿ ಮೀಯಿಸುತ್ತಿದ್ದಾಳೆ ಎಂದು ಬಗ್ಗಿ ನೋಡಿದರೆ ಮಣೆಯ ಮೇಲೆ ಕೂತದ್ದು ಎಲ್ಲೂರಿನ ಯಾರೋ ಹೆಂಗಸು. ಅವಳಿಗೆ ಮಗು ಹಿಡಿಯಲಿಕ್ಕೂ ಸರಿಯಾಗಿ ಬರುತ್ತಿರಲಿಲ್ಲ, ಕುತ್ತಿಗೆ ಅತ್ತ ಇತ್ತ ಓಲಾಡುತ್ತಿತ್ತು. ಕಲ್ಯಾಣಿ ದೂರದಲ್ಲಿ ಒಲೆಯ ಮುಂದೆ ಕೂತು ತೆಂಗಿನ ಮಡಲು ನೂಕುತ್ತಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. "ನಿನಗೆ ಎಂತ ಮಂಡೆ ಸಮ ಉಂಟಾ? ಊರಿನ ಮಕ್ಕಳನ್ನೆಲ್ಲ ಮೀಯಿಸಿದವಳು ನೀನು, ನಿನ್ನ ಮೊಮ್ಮಗನಿಗೆ ಬಾಡಿಗೆ ಕೈಯಾ?"

"ನನ್ನ ಕೈ ಬೇಡ ಬಾಯಮ್ಮ."

"ಮಷೀನು ಸರಿಯಾಯಿತು. ನಿನ್ನ ಮಗಳ ಗಾಯ ಮಾಸಿತು. ಇನ್ನೆಂತ ಬೇಕು ನಿನಗೆ?"

ಅವಳು ಒಲೆಯನ್ನೇ ನೋಡುತ್ತಾ ಹೇಳಿದಳು. "ಮಷೀನಿಗೆ ಹನಿ ಹಾಕಿ ನೋಡಿದಿರಿ, ಗೊತ್ತಾಯಿತು. ಆ ಹುಡುಗಿಯ ಹೊಟ್ಟೆ ನನ್ನಿಂದಲೇ ಕೊಳೆತದ್ದೋ ಅಲ್ಲವೋ, ಅದು ಎಂತ ಹಾಕಿ ನೋಡಿದರೆ ಗೊತ್ತಾಗ್ತದೆ? ಡಾಕ್ಟರಿಗೇ ಗೊತ್ತಿಲ್ಲ. ಊರವರು ಹೇಳಿದ್ದಕ್ಕೆ ಅಲ್ಲ ಬಾಯಮ್ಮ. ಮಗುವನ್ನು ಮುಟ್ಟಲಿಕ್ಕೆ ಹೋದರೆ ನನಗೇ ಹೆದರಿಕೆ ಆಗ್ತದೆ."

ಊರವರ ಜೊತೆಯಾದರೆ ಜಗಳ ಮಾಡಬಹುದಿತ್ತು. ಕೊಟ್ಟ ಕಾಫಿ ಕುಡಿದು ಬಂದೆ, ದಾರಿಯಲ್ಲಿ ಅತ್ತೆ.

ಊರು ಮರೆಯುವುದು ಬೇಗ. ಮಾರ್ಚಿ ಏಪ್ರಿಲಿನ ಹೊತ್ತಿಗೆ ತಿಯೇಟರಿಗೆ ಜನ ಮೊದಲಿನ ಹಾಗೆ ಬಂದರು, ಕಲ್ಯಾಣಿಯನ್ನು ಮಗು ಮೀಯಿಸಲಿಕ್ಕೆ ಕರೆಯಲೂ ಬಂದರು. ಅವಳು ಹೋಗಲಿಲ್ಲ. ಆಗಲೂ ಹೋಗಲಿಲ್ಲ, ಆಮೇಲೆ ರಿಟೈರ್ ಆಗುವವರೆಗೂ ಯಾರ ಮನೆಗೂ ಹೋಗಲಿಲ್ಲ. ಸಂ‍ಜೆ ಹೊತ್ತು ಜಗಲಿಯಲ್ಲಿ ಕೂತು ಶಂಕರಪುರದ ಮಲ್ಲಿಗೆ ಕಟ್ಟುತ್ತಿದ್ದಳು.

ಮುಂದಿನ ಮಳೆ ಹಿಡಿಯುವ ಮೊದಲು, ಒಂದು ಭಾನುವಾರ ಇಗರ್ಜಿಯಿಂದ ಬರುವಾಗ ಅವಳ ಮನೆಗೆ ಹೊಕ್ಕೆ. ಶಕುಂತಲಾ ಎರಡು ದಿನಕ್ಕೆಂದು ಬಂದಿದ್ದಳು. ಕಲ್ಯಾಣಿ ಕಾಲು ಚಾಚಿ ಕೂತು ಬಾಳೆನಾರಿನಲ್ಲಿ ಹೂ ಪೋಣಿಸುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಊರಿನ ಸುದ್ದಿ ಹೇಳುತ್ತಿದ್ದೆ. ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡ ಮಗು ಒಳಗಿನಿಂದ ಅಂಬೆಗಾಲಿಟ್ಟು ಬಂತು. ಹುಟ್ಟಿದಂದಿನಿಂದ ಅಜ್ಜಿ ಅದನ್ನು ಎತ್ತಿಕೊಂಡದ್ದಿಲ್ಲ ಎಂದು ಶಕುಂತಲಾ ನನಗೆ ಆಗಲೇ ಹೇಳಿದ್ದಳು. ಬಂದದ್ದೇ ಅದು ಕಲ್ಯಾಣಿಯ ಕಾಲ ಮೇಲೆ ಹತ್ತಿತು. ಅವಳು ಎರಡೂ ಕೈ ಮೇಲೆತ್ತಿ ಹಿಡಿದುಕೊಂಡಳು, ಹೂವು ಒಂದು ಕೈಯಲ್ಲಿ, ನಾರು ಒಂದು ಕೈಯಲ್ಲಿ. "ಬಾಯಮ್ಮ, ಇದನ್ನು ತೆಗೆಯಿರಿ" ಎಂದಳು. ನಾನು ಕೈ ಚಾಚುವಷ್ಟರಲ್ಲಿ ಮಗು ಅವಳ ಕಾಲು ದಾಟಿ ಜಗಲಿಯ ಅಂಚಿನಿಂದ ತಲೆ ಮುಂದಾಗಿ ಜಾರಿತು.

ಬೀಳುವ ಮಗುವನ್ನು ಹಿಡಿಯುವಾಗ ಕೈಗುಣ ನೋಡುತ್ತಾ ಕೂರುವವರು ಯಾರು? ಹೂವೆಲ್ಲ ಅಂಗಳಕ್ಕೆ ಚೆಲ್ಲಿತು. ಮಗು ಅವಳ ಎರಡೂ ಅಂಗೈಯಲ್ಲಿ ಇತ್ತು, ಒಂದು ಕೈ ಕುತ್ತಿಗೆಯ ಕೆಳಗೆ, ಒಂದು ಸೊಂಟದ ಕೆಳಗೆ, ನೂರಾರು ಮಕ್ಕಳನ್ನು ಹಿಡಿದಿದ್ದ ಹಾಗೆಯೇ. ಅವಳು ಅದನ್ನು ಕೆಳಗಿಡಲಿಲ್ಲ. ಎದೆಗೆ ಒತ್ತಿಕೊಂಡು ಅಳಲಿಕ್ಕೆ ಶುರು ಮಾಡಿದಳು. ಒಂದು ವರ್ಷದ ಅಳು ಅದು, ನಾನು ನಿಲ್ಲಿಸಲಿಕ್ಕೆ ಹೋಗಲಿಲ್ಲ.

ಎಣ್ಣೆ ಹಚ್ಚಿಯಾಗಿತ್ತು, ನೀರು ಕಾದಿತ್ತು. ಶಕುಂತಲಾ ಬಚ್ಚಲಿನಲ್ಲಿ ಮಣೆ ಇಟ್ಟು ಸರಿದು ನಿಂತಳು. ಕಲ್ಯಾಣಿ ಕೂತಳು, ಕಾಲು ಚಾಚಿದಳು, ಮಗುವನ್ನು ಮಲಗಿಸಿದಳು. ಚೊಂಬಿನಲ್ಲಿ ತೆಗೆದು ತೆಗೆದು ನೀರು ಕೊಟ್ಟದ್ದು ನಾನು. ಮೊದಲ ನೀರು ಬಿದ್ದ ಕೂಡಲೇ ಮಗು ಕೂಗಿ ಮನೆ ಒಂದು ಮಾಡಿತು, ನಾನು ಹೆದರಿ ಅವಳ ಮುಖ ನೋಡಿದೆ.

"ಅಳು ಮಗಾ, ಅಳು" ಎಂದಳು ತುಳುವಿನಲ್ಲಿ, ತನ್ನ ಕಣ್ಣು ಭುಜಕ್ಕೆ ಒರೆಸಿಕೊಳ್ಳುತ್ತಾ. "ಎಷ್ಟು ಬೇಕಾದರೂ ಅಳು. ಇದು ನಿನ್ನ ಅಜ್ಜಿಯ ಕೈ."